ನಳ ಇಲ್ಲದ ಡ್ರಮ್ಮು

ನೀವು ಇಳಕಲ್ಲಿನ ನಮ್ಮ ಮನೆಗೆ ಬಂದರೆ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಸ್ಟೀಲಿನ ಡ್ರಮ್ಮು ಕಾಣುತ್ತದೆ. ಇಪ್ಪತ್ತು ಲೀಟರು ಹಿಡಿಯುವಂಥದ್ದು. ಮುಚ್ಚಳದ ನಡುವೆ ಒಂದು ತೂತು, ತೂತಿಗೊಂದು ರಬ್ಬರ್ ಬಿರಡೆ, ಬಿರಡೆಯೊಳಗಿಂದ ಹೊರಟ ಸಲಾಯಿನ್ ನಳಿಗೆ ಪಕ್ಕದಲ್ಲಿಟ್ಟ ನೀರಿನ ಗ್ಲಾಸಿನಲ್ಲಿ ಮುಳುಗಿರುತ್ತದೆ. ಬಂದವರು ಕುಳಿತುಕೊಳ್ಳುವ ಮೊದಲೇ ಅದನ್ನು ನೋಡುತ್ತಾರೆ. ಮನೆಯಲ್ಲಿ ಯಾರಿಗೆ ಆರಾಮಿಲ್ಲ ಎಂದು ಮೆಲ್ಲಗೆ ಕೇಳಿದವರೂ ಇದ್ದಾರೆ.

ಅವರು ಹೋದ ಮೇಲೆ ನಾನು ಅದನ್ನು ಬಟ್ಟೆಯಿಂದ ಒರೆಸುತ್ತೇನೆ. ನನ್ನ ಹೆಂಡತಿ ಸಾವಿತ್ರಿಗೆ ಒಳಗೊಳಗೇ ನಗು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನು ಒರೆಸಿದ ಮೊದಲ ಪಾತ್ರೆ ಅದೇ ಎನ್ನುತ್ತಾಳೆ. ನಾನು ವಾದಕ್ಕೆ ಹೋಗುವುದಿಲ್ಲ. ಒರೆಸುತ್ತ ಕೂತರೆ ಆ ಡ್ರಮ್ಮು ನಮ್ಮ ಮನೆಗೆ ಬಂದ ಬಗೆ ನೆನಪಾಗುತ್ತದೆ, ಕೈ ತಾನಾಗಿಯೇ ನಿಧಾನವಾಗುತ್ತದೆ.

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಇದೇ ಊರಿನ ಕಾಲೇಜೊಂದರಲ್ಲಿ ಕೂದಲು ಕಪ್ಪಿದ್ದಾಗ ಸೇರಿ, ಕೂದಲೇ ಇಲ್ಲದಾಗ ನಿವೃತ್ತನಾದವನು. ವರ್ಷಕ್ಕೊಮ್ಮೆ ಹುದುಗುವಿಕೆಯ ಪಾಠ ಬರುತ್ತಿತ್ತು. ಸಕ್ಕರೆಯ ನೀರಿಗೆ ಯೀಸ್ಟ್ ಬಿದ್ದರೆ ಮದ್ಯಸಾರ ಹುಟ್ಟುತ್ತದೆ, ಜೊತೆಗೆ ಅನಿಲ ಏಳುತ್ತದೆ ಎಂದು ಹೇಳಿ, ಬೋರ್ಡಿನ ಮೇಲೆ ಸಮೀಕರಣ ಬರೆದು, ಅನಿಲದ ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಬಾಣ ಹಾಕುತ್ತಿದ್ದೆ. ಅನಿಲ ಹೊರಗೆ ಹೋಗುತ್ತದೆ ಎಂಬುದಕ್ಕೆ ಆ ಬಾಣವೇ ಗುರುತು. ಉತ್ತರಪತ್ರಿಕೆಯಲ್ಲಿ ಬಾಣ ಮರೆತವರಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ, ಮರುಕ ತೋರಿಸುತ್ತಿರಲಿಲ್ಲ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್ರ, ನೀವು ಎಂದರ ಇದನ್ನ ಮಾಡಿ ನೋಡೀರೇನ್ರಿ?" ಎಂದು ಕೇಳಿದಳು. ತರಗತಿ ನಕ್ಕಿತು. ಅದು ಪಠ್ಯದಲ್ಲಿಲ್ಲ ಎಂದು ಹೇಳಿ ಕೂಡಿಸಿದೆ. ಆದರೆ ಆ ದಿನ ಮನೆಗೆ ಬರುವಾಗ ಸೈಕಲ್ಲಿನ ಮೇಲೆ ಅವಳ ಪ್ರಶ್ನೆಯೂ ಕೂತು ಬಂತು.

ಮಾಡಿ ನೋಡಿರಲಿಲ್ಲ ನಿಜ. ಆದರೆ ಹುಳಿ ಬರುವ ವಾಸನೆಯಲ್ಲೇ ನಾನು ಬೆಳೆದದ್ದು. ನಮ್ಮದು ನೇಕಾರರ ಮನೆ. ಅವ್ವನ ಬಳಿ ಎರಡು ಮಣ್ಣಿನ ಗಡಿಗೆಗಳಿದ್ದವು. ಒಂದರಲ್ಲಿ ನಾವು ಕುಡಿಯುವ ಜೋಳದ ಹುಳಿ ಅಂಬಲಿ, ಇನ್ನೊಂದರಲ್ಲಿ ನೂಲಿಗೆ ಹಚ್ಚುವ ಗಂಜಿ. ಎರಡಕ್ಕೂ ಮೇಲೆ ತೆಳು ಬಟ್ಟೆ ಮಾತ್ರ, ಮುಚ್ಚಳವಿಲ್ಲ. ಶಾಲೆಗೆ ಹೋಗುವ ಮುನ್ನ ಅವ್ವ ನನ್ನನ್ನು ಕರೆದು, "ಮಾತಾಡಾಕತ್ತೈತೇನು ನೋಡು" ಎನ್ನುತ್ತಿದ್ದಳು. ನಾನು ಗಡಿಗೆಗೆ ಕಿವಿ ಹಚ್ಚಬೇಕು. ಒಳಗೆ ಸಣ್ಣಗೆ ಪುಸುಪುಸು ಸದ್ದು ಇದ್ದರೆ ಇವತ್ತಿಗೆ ಗಂಜಿ ಆಯಿತು, ಇಲ್ಲದಿದ್ದರೆ ನಾಳೆ. ಒಮ್ಮೆ ಬೆಕ್ಕಿನ ಕಾಟಕ್ಕೆಂದು ಜಾಣತನ ಮಾಡಿ ಗಡಿಗೆಯ ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ಕಲ್ಲು ಹೇರಿಟ್ಟೆ. ಬೆಳಗಾಗುವಷ್ಟರಲ್ಲಿ ಉಕ್ಕಿದ ಗಂಜಿ ತಾಟನ್ನು ಎತ್ತಿ, ಮಗ್ಗದ ಕುಣಿಯವರೆಗೆ ಹರಿದಿತ್ತು. ಅವ್ವ ಹೊಡೆಯಲಿಲ್ಲ. "ಅದಕ್ಕೂ ಉಸಿರು ಬೇಕಾಗ್ತೈತೋ" ಎಂದಷ್ಟೇ ಹೇಳಿ ನೆಲ ಬಳಿದಳು. ಇಷ್ಟೆಲ್ಲ ಕಂಡವನು ಮುಂದೆ ಮಾಡಿದ್ದನ್ನು ಓದಿ ನೀವು ನಗುತ್ತೀರಿ. ನಗಿರಿ, ಅಡ್ಡಿಯಿಲ್ಲ.

ನಿವೃತ್ತಿಯಾದ ಮೊದಲ ಬೇಸಿಗೆಯಲ್ಲಿ ನನಗೆ ಬಿಯರ್ ಮಾಡುವ ಮನಸ್ಸಾಯಿತು. ಕುಡಿಯುವ ಚಟ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ನಾನು ಬಿಯರ್ ಮುಟ್ಟಿದ್ದು ಒಂದೇ ಸಲ, ಉತ್ತರಪತ್ರಿಕೆ ತಿದ್ದಲು ಬೇರೆ ಊರಿಗೆ ಹೋದಾಗ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಅರ್ಧ ಗ್ಲಾಸು. ಕಹಿಯಾಗಿತ್ತು. ಇಷ್ಟವಾಯಿತು ಎಂದು ಯಾರಿಗೂ ಹೇಳಲಿಲ್ಲ. ಈಗ ಬೇಕಾದದ್ದು ಕುಡಿತವಲ್ಲ, ಬೋರ್ಡಿನ ಮೇಲೆ ಅಷ್ಟು ವರ್ಷ ಬರೆದದ್ದನ್ನು ಒಮ್ಮೆ ಕಣ್ಣಾರೆ ಕಾಣುವುದು. ಮೊಬೈಲಿನಲ್ಲಿ ನೋಡಿ ನೋಡಿ ಕಲಿತೆ. ಅಂಗಡಿಯಿಂದ ಬಾರ್ಲಿ ತಂದು ನೆನೆಹಾಕಿ, ಮಾಳಿಗೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ, ಒಣಗಿಸಿದೆ. ಅರ್ಧ ಪಾಲು ಗುಬ್ಬಿಗಳು ತಿಂದವು. ಉಳಿದರ್ಧವನ್ನು ಕಂಡು ಸಾವಿತ್ರಿಗೆ ಸಂತೋಷವಾಯಿತು. ಗಂಡನಿಗೆ ಕೊನೆಗೂ ಆರೋಗ್ಯದ ಮೇಲೆ ನಿಗಾ ಬಂತು ಎಂದುಕೊಂಡಳು. ನಾನು ತಿದ್ದಲಿಲ್ಲ.

ಇನ್ನುಳಿದದ್ದು ಪಾತ್ರೆ. ಕಾಳು ನೆನೆಹಾಕಿದಷ್ಟು ಸುಲಭದ ಕೆಲಸ ಇದಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಹುದುಗುವ ರಸಕ್ಕೆ ಶುದ್ಧವಾದ ಪಾತ್ರೆ ಬೇಕು. ಹೊರಗಿನ ಗಾಳಿ ಒಳಗೆ ಹೋದರೆ ಬೇರೆ ಜೀವಿಗಳೂ ಹೋಗಿ ರಸ ಕೆಡುತ್ತದೆ. ಅವ್ವನ ಕಾಲದ ಗಡಿಗೆ ಮಾಳಿಗೆಯ ಮೂಲೆಯಲ್ಲಿ ಇನ್ನೂ ಇತ್ತು. ಆದರೆ ಮಣ್ಣಿನ ಪಾತ್ರೆಯ ರಂಧ್ರಗಳಲ್ಲಿ ಐವತ್ತು ವರ್ಷದ ಹಿಂದಿನ ಹುಳಿಯೂ ಕೂತಿರುತ್ತದೆ, ಎಷ್ಟು ಕುದಿಸಿದರೂ ನಂಬುವಂತಿಲ್ಲ. ಉಪ್ಪಿನಕಾಯಿಯ ಚೀನಿ ಭರಣಿ ಸರಿಯಾಗುತ್ತಿತ್ತು. ಅದರ ಬಳಿ ಹೋಗಿ ನಿಂತದ್ದಕ್ಕೇ ಸಾವಿತ್ರಿ, "ಅಲ್ಲೇನು ಕೆಲಸ ನಿಮಗ?" ಎಂದಳು. ಹಾಲಿನವರ ಅಲ್ಯೂಮಿನಿಯಂ ಕ್ಯಾನು ಹುಳಿಗೆ ತಾಳುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಗೀರುಗಳು, ಗೀರುಗಳಲ್ಲಿ ಕೊಳೆ. ಕಾಲೇಜಿನ ಪ್ರಯೋಗಾಲಯದ ಜವಾನ ನನ್ನ ಮೇಲಿನ ಪ್ರೀತಿಗೆ ದೊಡ್ಡ ಗಾಜಿನ ಬುರುಡೆಯೊಂದನ್ನು ಕೊಡಲು ಮುಂದಾದ. ಅದರಲ್ಲಿ ಹತ್ತು ವರ್ಷ ಗಂಧಕಾಮ್ಲ ಇಟ್ಟಿದ್ದು ನಾನೇ. ಬೇಡವೆಂದು ಕೈ ಮುಗಿದೆ.

ಹೀಗೆ ಒಂದು ಶನಿವಾರ ಬೆಳಿಗ್ಗೆ ಬಜಾರದ ಭಾಂಡೆ ಅಂಗಡಿಗೆ ಹೋದೆ. ಅಂಗಡಿಯ ಸಂಗಪ್ಪ ನನ್ನ ಹಳೆಯ ವಿದ್ಯಾರ್ಥಿ. ಇಳಕಲ್ಲಿನಲ್ಲಿ ನನಗೆ ಗುರುತಿಲ್ಲದ ಅಂಗಡಿಗೆ ಹೋಗಬೇಕೆಂದರೆ ಊರನ್ನೇ ಬಿಡಬೇಕು. ಸಂಗಪ್ಪ ಎದ್ದು ನಿಂತು, ಕುರ್ಚಿ ಹಾಕಿ, ಚಹಾ ತರಿಸಿದ.

"ಏನು ಬೇಕಾಗಿತ್ರಿ ಸರ್ರ?"

"ಒಂದು ದೊಡ್ಡ ಸ್ಟೀಲಿನ ಡ್ರಮ್ಮು. ಇಪ್ಪತ್ತು ಲೀಟರಿನ್ಯಾಗ."

"ನೀರಿಗೇನ್ರಿ?"

"ನೀರಿಗಲ್ಲ. ಗಾಳಿ ಆಡಬಾರದು. ಮುಚ್ಚಳ ಬಿಗಿ ಕೂಡಬೇಕು."

ಸಂಗಪ್ಪ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು. "ಗಾಳಿ ಆಡಬಾರದು ಅಂದ್ರ ಉಂಡಿ ತುಂಬಾಕ ಇರಬೇಕು. ಅಕ್ಕಾರದು ಲಗ್ನ ಗಟ್ಟಿ ಆತೇನ್ರಿ ಸರ್ರ?"

ಅಕ್ಕಾರು ಎಂದರೆ ನಮ್ಮ ಒಬ್ಬಳೇ ಮಗಳು ಅಶ್ವಿನಿ. ಬಾದಾಮಿಯಲ್ಲಿ ಪಶುವೈದ್ಯೆ. ಮೂವತ್ತೊಂದು ತುಂಬಿದೆ, ಮದುವೆಯಾಗಿಲ್ಲ. ನಮ್ಮ ಕಡೆ ಹೆಣ್ಣುಮಗಳ ಮದುವೆಗೆ ಮೊದಲು ಭಾಂಡೆ ಸಾಮಾನು ಕೊಳ್ಳುವುದು ರೂಢಿ. ಹಾಗಾಗಿ ಮದುವೆಗಿರುವ ಮಗಳ ಅಪ್ಪ ಭಾಂಡೆ ಅಂಗಡಿಯಲ್ಲಿ ದೊಡ್ಡ ಡ್ರಮ್ಮು ಕೇಳಿದರೆ ಊರಿಗೆ ತಿಳಿಯುವುದು ಒಂದೇ ಅರ್ಥ. ಅಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಮತ್ತೇನಕ್ಕೆ ಎಂದು ಕೇಳುತ್ತಾನೆ. ನನ್ನ ಬಾಯಿಂದ ರಸಾಯನಶಾಸ್ತ್ರ ಕಲಿತವನಿಗೆ ಬಿಯರ್ ಎಂದು ಹೇಳಲು ನಾಲಿಗೆ ಏಳಲಿಲ್ಲ. ನಾನು ತಲೆಯನ್ನು ಒಂದು ಬಗೆಯಾಗಿ ಅಲ್ಲಾಡಿಸಿದೆ. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ ಎಂದು ನಾನು ಅಂದುಕೊಂಡಿದ್ದೆ.

ಸಂಗಪ್ಪ ಒಳಗಿನಿಂದ ಫಳಫಳ ಹೊಳೆಯುವ ಡ್ರಮ್ಮು ತಂದ. ಮುಚ್ಚಳದ ಸುತ್ತ ರಬ್ಬರಿನ ಉಂಗುರ, ಬಿಗಿಯಲು ನಾಲ್ಕು ಕ್ಲಿಪ್ಪು. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೊದಲ ಭಾಂಡೆ ಎಂದು ತನ್ನ ಕಡೆಯಿಂದ ಒಂದು ಕುಂಕುಮದ ಬಟ್ಟಲನ್ನೂ ಒಳಗಿಟ್ಟ. ಆಟೊದಲ್ಲಿ ಡ್ರಮ್ಮನ್ನು ಪಕ್ಕದಲ್ಲಿ ನಿಲ್ಲಿಸಿ, ಅದು ಬೀಳದ ಹಾಗೆ ತೋಳಿನಿಂದ ಬಳಸಿಕೊಂಡು ಇಡೀ ಬಜಾರ ದಾಟಿ ಬಂದೆ. ಎದುರಿಗೆ ಸಿಕ್ಕವರೆಲ್ಲ ಅರಿಸಿನ ಕುಂಕುಮ ನೋಡಿ ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ?

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಾವಿತ್ರಿ ಹೊಸ್ತಿಲಲ್ಲಿ ನಿಂತಿದ್ದಳು. ಡ್ರಮ್ಮನ್ನು ನೋಡಿದಳು, ಅದರ ಮೇಲಿನ ಕುಂಕುಮ ನೋಡಿದಳು.

"ಯಾರ ಮನಿತನಾರಿ?" ಎಂದಳು.

"ಯಾವ ಮನಿತನ? ಇದು ಜ್ವಾಳ ಇಡಾಕ ತಂದೇನಿ."

"ಜ್ವಾಳಕ್ಕ ಕುಂಕುಮ ಹಚ್ಚತಾರೇನು?"

ಅಷ್ಟರಲ್ಲಿ ಹುನಗುಂದದಿಂದ ನನ್ನ ಅಕ್ಕನ ಫೋನು. ಅಕ್ಕನಿಗೆ ಎಪ್ಪತ್ತು ದಾಟಿದೆ, ಸಿಟ್ಟು ಮಾತ್ರ ಹದಿನಾರರದ್ದು. "ಊರಿಗೆಲ್ಲ ಗೊತ್ತಾದ ಮ್ಯಾಲ ನನಗ ಗೊತ್ತಾಗಬೇಕೇನೋ ತಮ್ಮಾ? ಹುಡುಗನ ಹೆಸರರ ಹೇಳ್ತೀಯೋ ಇಲ್ಲೋ?" ಎಂದಳು. ಹುಡುಗನೇ ಇಲ್ಲ ಎಂದೆ. ಅವಳು ನಂಬಲಿಲ್ಲ. ನಾಳೆ ಬಂದು ನಿನ್ನ ಬಾಯಿ ಬಿಡಿಸುತ್ತೇನೆ ಎಂದು ಫೋನಿಟ್ಟಳು.

ಅಕ್ಕನ ಸಿಟ್ಟಿಗೆ ನಾನು ಹೆದರಲಿಲ್ಲ. ಹೆದರಿದ್ದು ಬಾದಾಮಿಗೆ ಸುದ್ದಿ ಹೋದರೆ ಎಂದು. ಅದಕ್ಕೆ ಕಾರಣ ಹೇಳಬೇಕು.

ಎರಡು ವರ್ಷದ ಹಿಂದೆ ಬಾಗಲಕೋಟೆಯ ಒಂದು ಮನೆತನದಿಂದ ಅಶ್ವಿನಿಗೆ ಮಾತು ಬಂತು. ನಾನೊಬ್ಬನೇ ಅವರ ಮನೆಗೆ ಹೋಗಿದ್ದೆ. ಹುಡುಗನ ಅಪ್ಪನೂ ನನ್ನ ಹಾಗೆ ಮೇಷ್ಟ್ರು, ಮಾತು ಚೆನ್ನಾಗಿ ಕೂಡಿತು. ಕಪ್ಪಿನ ಚಹಾ ಮುಗಿಯುವುದರೊಳಗೆ ನಾನು ಆಗಲಿ ಎಂದುಬಿಟ್ಟೆ. ಮಗಳನ್ನು ಕೇಳಿರಲಿಲ್ಲ. ಕೇಳಬೇಕು ಅಂತ ಅನಿಸಲೂ ಇಲ್ಲ, ಅಷ್ಟು ಖುಷಿಯಲ್ಲಿದ್ದೆ. ಅಶ್ವಿನಿ ಮರುದಿನ ಬಂದಳು. ಕೂಗಾಡಲಿಲ್ಲ. "ಕೇಳಿದ್ರ ಹೇಳ್ತಿದ್ದೆ ಅಪ್ಪಾ. ಕೇಳಲೇ ಇಲ್ಲ ನೀ" ಎಂದಳು. ನಾನು ತಿರುಗಿ ಬಾಗಲಕೋಟೆಗೆ ಹೋಗಿ, ಅದೇ ಕುರ್ಚಿಯಲ್ಲಿ ಕೂತು, ಮಾತು ಹಿಂದಕ್ಕೆ ತೆಗೆದುಕೊಂಡು ಬಂದೆ. ಆ ದಿನ ಚಹಾ ಬರಲಿಲ್ಲ. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟೆ. ಅವಳು ಆಯಿತು ಎಂದಳು. ಆದರೆ ಅಂದಿನಿಂದ ನಮ್ಮ ಫೋನಿನ ಮಾತು ಎರಡು ಸಾಲಿಗೆ ಇಳಿಯಿತು. "ಊಟ ಆತೇನವಾ?" "ಆತಪ್ಪಾ." ಮಿಕ್ಕದ್ದು ಅವಳು ತಾಯಿಯೊಡನೆ ಆಡುತ್ತಿದ್ದಳು. ನಾನು ಪಕ್ಕದಲ್ಲಿ ಪೇಪರು ಹಿಡಿದು ಕೂತು, ಒಂದೇ ಸಾಲನ್ನು ಹತ್ತು ಸಲ ಓದುತ್ತ ಕೇಳಿಸಿಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅಶ್ವಿನಿ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಡ್ರಮ್ಮಿನ ಮುಂದೆ ನಿಂತಳು. ಕುಂಕುಮವನ್ನು ನಾನು ಒರೆಸಿದ್ದೆ, ಅರಿಸಿನದ ಕಲೆ ಮಾತ್ರ ಹೋಗಿರಲಿಲ್ಲ.

"ಯಾರಪ್ಪಾ?" ಎಂದಳು.

"ಯಾರೂ ಇಲ್ಲವಾ."

"ನಿನ್ನೆ ಸಂಜೀಕ ನಮ್ಮ ದವಾಖಾನಿ ಕಂಪೌಂಡರ್ ನನಗ ಶುಭಾಶಯ ಹೇಳಿದ. ಅವನ ಹೇಣ್ತಿ ತವರು ಇಳಕಲ್ಲು. ನನ್ನ ಲಗ್ನ ನಾ ಅವನ ಬಾಯಿಲೆ ಕೇಳಬೇಕಾತು."

ಅವಳ ದನಿ ಏರಿರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. ಅಡುಗೆಮನೆಯಲ್ಲಿ ಸಾವಿತ್ರಿಯ ರೊಟ್ಟಿ ಬಡಿಯುವ ಸದ್ದು ನಿಂತಿತು. ನನ್ನ ಮುಂದೆ ಈಗ ಎರಡೇ ದಾರಿ. ಮಗಳ ಕಣ್ಣಿನಲ್ಲಿ ಮಾತಿಗೆ ತಪ್ಪಿದ ಅಪ್ಪನಾಗಿ ಉಳಿಯಬೇಕು, ಇಲ್ಲವೇ ಹೆಂಡತಿಗೆ ಕೇಳುವ ಹಾಗೆ ನಿಜ ಹೇಳಬೇಕು.

"ಬಿಯರ್ ಮಾಡಾಕ ತಂದೇನಿ" ಎಂದೆ.

"ಏನು?"

"ಬಿಯರ್. ಕುಡಿಯೋ ಬಿಯರ್. ಮಾಳಿಗಿ ಮ್ಯಾಲ ಬಾರ್ಲಿ ಒಣಗಿಸೇನಿ, ನೋಡು ಬೇಕಾರ."

ಅವಳು ನಿಜಕ್ಕೂ ಮಾಳಿಗೆ ಹತ್ತಿ ನೋಡಿ ಬಂದಳು. ಕೈಯಲ್ಲಿ ನಾಲ್ಕು ಕಾಳು ಹಿಡಿದುಕೊಂಡಿದ್ದಳು. ಡ್ರಮ್ಮಿನ ಪಕ್ಕದಲ್ಲೇ ನೆಲದ ಮೇಲೆ ಕೂತು ನಗತೊಡಗಿದಳು. ಎರಡು ವರ್ಷದಿಂದ ಆ ನಗೆಯನ್ನು ನಾನು ಕೇಳಿರಲಿಲ್ಲ. ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಅದು ಬರೀ ನಗೆಯ ನೀರು ಅಲ್ಲವೆಂದು ನನಗೆ ಗೊತ್ತಾಯಿತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಸಾವಿತ್ರಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅಕಿನ್ನ ಕೇಳದ ಮತ್ತ ಮಾತು ಕೊಟ್ಟು ಬಂದಾರೋ ಏನೋ ಅಂತ ನಿನ್ನೆಲಿಂದ ಜೀವ ಹಿಡಕೊಂಡು ಕುಂತೇನಿ. ಬಿಯರ್ ಆದ್ರ ಆತು ತಗೋರಿ" ಎಂದು ಒಳಗೆ ಹೋದಳು. ಒಂದು ನಿಮಿಷ ಬಿಟ್ಟು ಬಾಗಿಲಲ್ಲಿ ತಲೆ ಹಾಕಿ, "ಆದ್ರ ಆ ಬಾರ್ಲಿ ನಾ ಅಂಬಲಿಗೆ ಬೀಸ್ಕೋತೇನಿ. ಅದನ್ನ ಬಿಯರಿಗೆ ಕೊಡಂಗಿಲ್ಲ" ಎಂದಳು.

ಬಾರ್ಲಿಯ ಆಸೆ ಹೇಗೂ ಉಳಿಯುತ್ತಿರಲಿಲ್ಲ. ಅಶ್ವಿನಿ ಮುಖ ಒರೆಸಿಕೊಂಡು, "ಮನ್ಯಾಗ ಬಿಯರ್ ಮಾಡಾಕ ಪರವಾನಗಿ ಬೇಕಾಗ್ತೈತಿ ಅಪ್ಪಾ. ನಾ ಸರಕಾರಿ ನೌಕರಿದಾಕಿ. ನಮ್ಮಪ್ಪನ್ನ ಹಿಡಕೊಂಡು ಹೋದ್ರ ನಾ ಯಾವ ಮುಖ ಹೊತ್ತು ಡ್ಯೂಟಿಗೆ ಹೋಗ್ಲಿ?" ಎಂದಳು. ಪರೀಕ್ಷೆಯಲ್ಲಿ ಚೀಟಿ ಇಟ್ಟವರನ್ನು ಜೀವಮಾನವಿಡೀ ಹಿಡಿದವನು ನಾನು. ಶುಂಠಿಯ ಬಿಯರ್ ಮಾಡೋಣ ಎಂದು ಅವಳೇ ದಾರಿ ತೋರಿಸಿದಳು. ಹೆಸರಿಗಷ್ಟೇ ಬಿಯರ್, ಮೂರು ನಾಲ್ಕು ದಿನದಲ್ಲಿ ಶೀಶೆಗೆ ತುಂಬಿ ತಣ್ಣಗಿಟ್ಟರೆ ಸೋಡಾದ ಹಾಗೆ ಇರುತ್ತದೆ. ಆದರೆ ಯೀಸ್ಟ್ ಬೇಕು, ಸಕ್ಕರೆ ಬೇಕು, ಗುಳ್ಳೆ ಏಳುತ್ತದೆ. ನನಗೆ ಬೇಕಾದದ್ದು ಗುಳ್ಳೆ ತಾನೆ?

ಆಮೇಲೆ ಅವಳು ಡ್ರಮ್ಮಿನ ಮುಚ್ಚಳ ಹಾಕಿ, ನಾಲ್ಕೂ ಕ್ಲಿಪ್ಪು ಬಿಗಿದು, ಬೆರಳಿನಿಂದ ಬಡಿದು ನೋಡಿದಳು.

"ಇದರಾಗಿಂದ ಗಾಳಿ ಎಲ್ಲಿಂದ ಹೊರಗ ಹೋಗ್ತೈತಿ?"

"ಹೋಗಂಗಿಲ್ಲ. ಅದಕ್ಕ ತಂದೇನಿ."

"ಅಪ್ಪಾ, ಆ ಬಾಣ?"

ನನ್ನ ಮುಖದ ಬಣ್ಣ ಹೇಗಾಯಿತೋ ನಾನು ಕಾಣೆ. ಅವಳೂ ನನ್ನ ತರಗತಿಯಲ್ಲಿ ಕೂತವಳು, ಬಾಣ ಮರೆತು ಅರ್ಧ ಅಂಕ ಕಳೆದುಕೊಂಡವಳು. ಅನಿಲ ಒಳಗೇ ತುಂಬುತ್ತ ಹೋಗಿದ್ದರೆ ಆ ಡ್ರಮ್ಮು ನಮ್ಮ ಅಡುಗೆಮನೆಯ ಗೋಡೆಗೆ ಏನು ಮಾಡುತ್ತಿತ್ತೋ. ಪಾತ್ರೆ ಆರಿಸುವಾಗ ಗಾಳಿ ಒಳಗೆ ಬರಬಾರದು ಎಂದಷ್ಟೇ ಯೋಚಿಸಿದ್ದೆ. ಒಳಗಿನದು ಹೊರಗೆ ಹೋಗಬೇಕು ಎಂಬುದು ಬೋರ್ಡಿನ ಮೇಲೆಯೇ ಉಳಿದಿತ್ತು.

"ನಾ ಇದನ್ನ ದಿನಾ ನೋಡ್ತೇನಿ" ಎಂದು ಅಶ್ವಿನಿ ಹೇಳತೊಡಗಿದಳು. "ಕುರಿ ಹೊಟ್ಟಿ ಅಂದ್ರ ಇಂಥದ ಒಂದು ಡ್ರಮ್ಮು. ಮೇವು ಹೋಗ್ತೈತಿ, ಹುಳಿ ಬರ್ತೈತಿ, ಗಾಳಿ ಏಳ್ತೈತಿ. ಕುರಿ ತೇಗಿ ತೇಗಿ ಅದನ್ನ ಹೊರಗ ಬಿಡ್ತೈತಿ. ತೇಗು ನಿಂತ್ರ ಹೊಟ್ಟಿ ಉಬ್ಬಿ ತಾಸಿನ್ಯಾಗ ಸಾಯ್ತಾವು." ಹೋದ ತಿಂಗಳು ಕೆರೂರಿನ ಹತ್ತಿರ ಒಂದು ಹಿಂಡು ರಾಶಿ ಮಾಡಿದ ಗೋವಿನಜೋಳಕ್ಕೆ ನುಗ್ಗಿ ಹೊಟ್ಟೆ ಬಿರಿಯೆ ತಿಂದಿತ್ತಂತೆ. ಇವಳು ಹೋಗುವಷ್ಟರಲ್ಲಿ ಹನ್ನೊಂದು ಕುರಿ ನೆಲಕ್ಕೆ ಬಿದ್ದಿದ್ದವು. ಕೆಲವಕ್ಕೆ ಬಾಯಿಯಿಂದ ನಳಿಗೆ ಇಳಿಸಿ, ಕೆಲವಕ್ಕೆ ಪಕ್ಕೆಯಲ್ಲಿ ಚುಚ್ಚಿ ಗಾಳಿ ತೆಗೆದಳು. ಎರಡು ಸತ್ತವು, ಒಂಬತ್ತು ಎದ್ದು ನಿಂತವು. ಆ ಹಿಂಡಿನ ಮನೆಯ ಮುದುಕಿ ಇವಳ ಎರಡೂ ಕೈ ಹಿಡಿದು, ಬೀರಪ್ಪ ದೇವರೇ ಬಂದು ನಿನ್ನ ಕೈಯಲ್ಲಿ ಕೂತಿದ್ದ ಎಂದು ಅಲ್ಲೇ ಅತ್ತಳಂತೆ.

"ಇದನ್ನ ನನಗ ಹೇಳೇ ಇಲ್ಲಲ್ಲವಾ ನೀ" ಎಂದೆ.

"ನೀ ಊಟ ಆತೇನು ಅಂತಷ್ಟ ಕೇಳ್ತಿದ್ದಿ."

ಅವಳು ಅದನ್ನು ಚುಚ್ಚಿ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಮುಚ್ಚಳದ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿದೆ.

ಪಕ್ಕದ ಓಣಿಯ ಪವರ್‌ಲೂಮ್ ರಿಪೇರಿಯವನು ಡ್ರಿಲ್ಲು ತಂದು ಮುಚ್ಚಳಕ್ಕೆ ತೂತು ಹಾಕುತ್ತಿದ್ದಾಗಲೇ ಹುನಗುಂದದ ಅಕ್ಕ ಬಂದಿಳಿದಳು. ಸಿಹಿ ಸುದ್ದಿಗೆಂದು ಅಮೀನಗಡದ ಕರದಂಟಿನ ಡಬ್ಬಿ ತಂದಿದ್ದಳು. ಮದುವೆಗೆ ತಂದ ಹೊಸ ಭಾಂಡೆಗೆ ತೂತು ಹಾಕುವುದನ್ನು ಕಂಡು ಅವಳಿಗೆ ಎದೆ ಒಡೆದಂತಾಯಿತು. ನಡೆದದ್ದನ್ನು ಮೊದಲಿನಿಂದ ಹೇಳಿದೆ. ಎಲ್ಲ ಕೇಳಿ, "ನಮ್ಮ ಅವ್ವ ಗಡಿಗಿಗೆ ಬರೇ ಅರಿವಿ ಕಟ್ಟತಿದ್ಲು. ಅಷ್ಟು ಓದಿ ಇಷ್ಟೂ ತಿಳೀಲಿಲ್ಲೇನು ನಿನಗ?" ಎಂದಳು. ಕರದಂಟನ್ನು ವಾಪಸು ಒಯ್ಯಲಿಲ್ಲ. ತಾನೇ ಡಬ್ಬಿ ಬಿಚ್ಚಿ ಡ್ರಿಲ್ಲಿನವನಿಗೂ ಕೊಟ್ಟಳು.

ಮಧ್ಯಾಹ್ನ ಎಲ್ಲರೂ ಕೂಡಿ ಶುಂಠಿ ಜಜ್ಜಿದೆವು. ಹನ್ನೆರಡು ಲೀಟರು ನೀರು, ಸಕ್ಕರೆ, ಲಿಂಬೆಹುಳಿ, ಕುದಿಸಿ ಆರಿಸಿದ ಮೇಲೆ ಬೇಕರಿಯವನು ಕೊಟ್ಟ ಯೀಸ್ಟಿನ ಒಂದು ಚಿಟಿಕೆ. ಅಶ್ವಿನಿ ತನ್ನ ಚೀಲದಿಂದ ಸಲಾಯಿನ್ ನಳಿಗೆ ತೆಗೆದಳು. ಸಾವಿತ್ರಿ ಅನುಮಾನದಿಂದ ನೋಡಿದಾಗ, "ಹೊಸಾದು ಅವ್ವಾ, ದನಕ್ಕ ಹಾಕಿದ್ದಲ್ಲ" ಎಂದು ಮುಚ್ಚಿದ ಪಾಕೀಟು ಒಡೆದು ತೋರಿಸಿದಳು. ನಳಿಗೆಯ ತುದಿ ನೀರಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಇಷ್ಟು ಸರಳ. ಸಂಜೆಯ ಬಸ್ಸಿಗೆ ಅವಳು ಹೋದಳು.

ಸೋಮವಾರ ಬೆಳಿಗ್ಗೆ ಎದ್ದು ನೋಡಿದೆ. ಗ್ಲಾಸಿನ ನೀರು ಸುಮ್ಮನಿತ್ತು. ಹಲ್ಲುಜ್ಜಿ ಬಂದು ನೋಡಿದೆ. ಚಹಾ ಕುಡಿದು ನೋಡಿದೆ. ಒಂಬತ್ತರ ಹೊತ್ತಿಗೆ ನಳಿಗೆಯ ತುದಿಯಲ್ಲಿ ಒಂದು ಗುಳ್ಳೆ ದಪ್ಪವಾಗುತ್ತ ಬಂದು, ಬಿಟ್ಟು, ಮೇಲೆದ್ದು ಗುಳುಕ್ ಎಂದಿತು. ಇಡೀ ಜೀವಮಾನ ಸೀಮೆಸುಣ್ಣದಲ್ಲಿ ಬರೆದದ್ದು ಕೊನೆಗೆ ಒಂದು ಸದ್ದು ಮಾಡಿತು. ನಾನು ಬಾದಾಮಿಗೆ ಫೋನು ಮಾಡಿದೆ. "ನಿಮಿಷಕ್ಕ ಎಷ್ಟು?" ಎಂದು ಅವಳು ಕೇಳಿದಳು. ಗಡಿಯಾರ ಹಿಡಿದು ಕೂತು ಎಣಿಸಿ ಹೇಳಿದೆ. ಮಧ್ಯಾಹ್ನ ಅವಳೇ ಫೋನು ಮಾಡಿ ಮತ್ತೆ ಕೇಳಿದಳು. ಮರುದಿನ ಗುಳ್ಳೆಯ ಲೆಕ್ಕ ಮುಗಿದ ಮೇಲೆ ಬನಶಂಕರಿಯಲ್ಲಿ ತಾನು ನೋಡಿದ ಕುಂಟು ಎತ್ತಿನ ಕಥೆ ಹೇಳಿದಳು. ಅದರ ಮರುದಿನ ನಾನೇ ಎತ್ತು ಹೇಗಿದೆ ಎಂದು ಕೇಳಿದೆ. ಊಟದ ಮಾತು ಯಾರಿಗೂ ನೆನಪಾಗಲಿಲ್ಲ.

ಈ ನಡುವೆ ಒಂದು ಕೆಲಸ ಬಾಕಿಯಿತ್ತು. ಸಂಗಪ್ಪನ ಅಂಗಡಿಗೆ ಹೋಗಿ ಕುಂಕುಮದ ಬಟ್ಟಲನ್ನು ಅವನ ಮುಂದಿಟ್ಟೆ.

"ಲಗ್ನ ಇಲ್ಲಪಾ ಸಂಗಪ್ಪ. ಅವತ್ತ ನಿನಗ ಖರೆ ಹೇಳಲಿಲ್ಲ ನಾ. ಆ ಡ್ರಮ್ಮು ಬಿಯರ್ ಮಾಡಾಕ ತಂದದ್ದು. ಈಗ ಶುಂಠಿ ಬಿಯರ್ ಮಾಡೇವಿ."

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಸಂಗಪ್ಪ ಬಟ್ಟಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ಅವನ ಕಣ್ಣಲ್ಲಿ ನನ್ನ ಮಾನ ಎಷ್ಟು ಇಳಿಯಿತೋ ಎಂದು ನೆಲ ನೋಡುತ್ತ ನಿಂತೆ. ಅವನು ಒಳಗೆ ಹೋಗಿ ಇನ್ನೊಂದು ಡ್ರಮ್ಮು ಎತ್ತಿ ತಂದು ಮೇಜಿನ ಮೇಲಿಟ್ಟ. ಅದರ ಬುಡದಿಂದ ನಾಲ್ಕು ಬೆರಳು ಮೇಲೆ ಸ್ಟೀಲಿನ ನಳವಿತ್ತು.

"ಸರ್ರ, ಅವತ್ತ ಹೇಳಿದ್ರ ಇದನ್ನ ಕೊಡ್ತಿದ್ದೆ. ಕೆಳಗಿನ ಗಸಿ ಕಲಕದಂಗ ಮ್ಯಾಲಿಂದ ಅಷ್ಟ ತಿಳಿ ಇಳಿಸಿ ತಕ್ಕೋಬಹುದು. ಉಂಡಿ ಡ್ರಮ್ಮಿಗೆ ನಳ ಎಲ್ಲಿಂದ ಬರಬೇಕ್ರಿ?"

ನಾನು ಪಾಠ ಮಾಡಿದ ವಿಷಯದಲ್ಲೇ ಅವನು ಎರಡು ಸಲ ನಪಾಸಾಗಿದ್ದ. ಆ ನಪಾಸಿನಲ್ಲಿ ಯಾರ ತಪ್ಪೆಷ್ಟು ಎಂದು ಯೋಚಿಸುತ್ತ ಮನೆಗೆ ಬಂದೆ. ನಳದ ಡ್ರಮ್ಮನ್ನು ಬದಲಿಗೆ ಕೊಡುತ್ತೇನೆ ಎಂದಿದ್ದ. ಆದರೆ ತೂತು ಬಿದ್ದದ್ದನ್ನು ಯಾವ ಬಾಯಿಂದ ಹಿಂದಿರುಗಿಸಲಿ? ಬಟ್ಟಲನ್ನು ಅವನು ವಾಪಸು ತೆಗೆದುಕೊಳ್ಳಲೇ ಇಲ್ಲ.

ಗುರುವಾರ ಸೌಟಿನಿಂದ ಎತ್ತಿ ಎತ್ತಿ ಸೋಡಾದ ಹಳೆಯ ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿದೆವು. ಅರ್ಧ ಗಸಿಯೂ ಬಂತು. ದಿನಕ್ಕೆ ನಾಲ್ಕು ಸಲ ಬಾಟಲಿ ಒತ್ತಿ ನೋಡಿ, ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಫ್ರಿಜ್ಜಿಗೆ ಸೇರಿಸಿದೆವು. ಭಾನುವಾರ ಅಶ್ವಿನಿ ಬಂದ ಮೇಲೆ ಮೊದಲ ಬಾಟಲಿಯ ಮುಚ್ಚಳ ತಿರುವಿದೆ. ಅರ್ಧ ನನ್ನ ಅಂಗಿಯ ಮೇಲೆ ಬಂತು, ಉಳಿದರ್ಧ ಮೂರು ಲೋಟಕ್ಕೆ ಬಂತು. ಖಾರ, ಸಿಹಿ, ಮೂಗಿಗೆ ಏರುವ ಗುಳ್ಳೆ. ಸ್ವಲ್ಪ ಹಿಟ್ಟಿನ ವಾಸನೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಸಾವಿತ್ರಿ ತುಟಿ ತಾಗಿಸಿ ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು. ಲೋಟ ಖಾಲಿ ಮಾಡಿ, "ಇದಕ್ಕ ಸ್ವಲ್ಪ ಉಪ್ಪು ಬೇಕಾಗಿತ್ತು" ಎಂದು ಹೇಳಿ ಲೋಟವನ್ನು ನನ್ನತ್ತ ಚಾಚಿದಳು.

ಸಂಜೆ ಅಶ್ವಿನಿಯನ್ನು ಬಿಡಲು ಬಸ್‌ಸ್ಟ್ಯಾಂಡಿಗೆ ಹೋದೆ. ಬಾದಾಮಿ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು.

"ಅಪ್ಪಾ, ನಾ ಎರಡು ವರ್ಷ ಬೀದರಕ್ಕ ಹೋಗಾಕಿದ್ದೇನಿ. ಮುಂದ ಓದಾಕ. ಸೀಟು ಸಿಕ್ಕೈತಿ" ಎಂದಳು. ಮುಖ ರಸ್ತೆಯ ಕಡೆಗಿತ್ತು.

ನನ್ನ ಬಾಯಿಯವರೆಗೆ ಹತ್ತು ಪ್ರಶ್ನೆ ಬಂದವು. ನೌಕರಿ ಏನಾಗುತ್ತದೆ, ಬರುವಷ್ಟರಲ್ಲಿ ವಯಸ್ಸು ಎಷ್ಟಾಗುತ್ತದೆ, ಆಮೇಲೆ ಮನೆತನ ನೋಡುವುದು ಯಾವಾಗ. ಎಲ್ಲವೂ ನನ್ನ ಪ್ರಶ್ನೆಗಳು, ಅವಳದು ಒಂದೂ ಅಲ್ಲ. ಅವನ್ನು ಅಲ್ಲೇ ಬಿಟ್ಟು, "ಯಾವ ವಿಷಯ?" ಎಂದು ಕೇಳಿದೆ.

"ಕುರಿ ಹೊಟ್ಟಿ ವಿಷಯನ. ಉಬ್ಬರ ಯಾಕ ಬರ್ತೈತಿ, ಬರದಂಗ ಹ್ಯಾಂಗ ಮಾಡಬೇಕು." ಈಗ ನನ್ನ ಕಡೆ ತಿರುಗಿದಳು. "ಮೊದಲ ಹೇಳಬೇಕಾಗಿತ್ತು. ನೀ ಬ್ಯಾಡ ಅಂತಿ ಅಂತ ಮಾಡಿದ್ದೆ."

"ಎರಡು ವರ್ಷದ ಹಿಂದ ಆಗಿದ್ರ ಅಂತಿದ್ದೆ" ಎಂದೆ. "ಹೋಗೋ ದಿನ ಹೇಳು. ಸಾಮಾನು ಹೊರಾಕ ನಾನೂ ಬರ್ತೇನಿ."

ಬಸ್ಸು ಬಂತು. ಟವೆಲ್ಲಿನಲ್ಲಿ ಸುತ್ತಿದ ಎರಡು ಬಾಟಲಿಗಳನ್ನು ಅವಳು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಬಸ್ಸು ತಿರುಗುವವರೆಗೂ ಕೈ ಬೀಸುತ್ತಿದ್ದಳು.

ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು, "ಬೀದರದಾಗ ಥಂಡಿ ಭಾಳ ಅಂತಾರ" ಎಂದಳು. ಎದ್ದು ಒಳಗೆ ಹೋಗಿ, ಟ್ರಂಕು ತೆಗೆದು, ತನ್ನ ಹಳೆಯ ಇಳಕಲ್ ಸೀರೆಗಳನ್ನು ಒಂದೊಂದಾಗಿ ನೆಲದ ಮೇಲೆ ಹಾಸತೊಡಗಿದಳು. ಉಟ್ಟು ಉಟ್ಟು ಮೆತ್ತಗಾದವು, ಸೆರಗು ಸವೆದರೂ ಮೈ ಗಟ್ಟಿಯಿರುವವು. ಮಗಳು ಹೊದೆಯಲು ಹೊಲಿಯುವ ಕೌದಿಗೆ ಯಾವುದು ಮೇಲೆ, ಯಾವುದು ಒಳಗೆ ಎಂದು ಬೆರಳಿನಿಂದ ತೋರಿಸುತ್ತ ತನ್ನಷ್ಟಕ್ಕೆ ಮಾತಾಡಿಕೊಂಡಳು. ಆಮೇಲೆ ಅಗಲವಾದ ಒಂದು ಸೀರೆಯನ್ನು ಕೊಡವಿ, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಿದಳು.

"ನಿಂತು ನೋಡತೀರೇನು? ಆ ತುದಿ ಹಿಡೀರಿ" ಎಂದಳು.

ನಾನು ಹೋಗಿ ಹಿಡಿದೆ.